ಒಂದು ತಲೆ, ಎರಡು ಆಣೆ

ನನ್ನ ಮೊಮ್ಮಗಳಿಗೆ ಇನ್ನೂ ಹಲ್ಲು ಬಂದಿಲ್ಲ. ಕುತ್ತಿಗೆ ಈಗಷ್ಟೇ ನಿಂತಿದೆ. ಆದರೆ ಅವಳ ತಲೆಯನ್ನು ನಮ್ಮ ಮನೆಯ ಗಂಡಸರು ಆಗಲೇ ಇಲೆಕ್ಷನ್ನಿಗೆ ಒತ್ತೆ ಇಟ್ಟು ಕೂತಿದ್ದಾರೆ. ಅದೂ ಎರಡು ಕಡೆ.

ಹೇಳುತ್ತೇನೆ, ತಡೆಯಿರಿ. ಮೊದಲು ಮೊಮ್ಮಗಳ ಸುದ್ದಿ.

(ಕಳೆದ ವಾರವೂ ಅವಳ ಸುದ್ದಿಯನ್ನೇ ಬರೆದೆ, ಅದರ ಹಿಂದಿನ ವಾರವೂ ಅದೇ, ನನಗೆ ಗೊತ್ತು. "ಅಮ್ಮಾ, ಈ ಸಲ ಇಲೆಕ್ಷನ್ ಬಗ್ಗೆ ಬರೀರಿ, ಓದೋರು ಕೇಳಾಕತ್ತಾರ" ಎಂದು ಸಂಪಾದಕರು ಹೇಳಿ ಕಳಿಸಿದ್ದಾರೆ. ಬರೆಯುತ್ತೇನೆ. ಇಲೆಕ್ಷನ್ನೇ ತೊಟ್ಟಿಲ ತನಕ ನಡೆದು ಬಂದರೆ ನಾನೇನು ಮಾಡಲಿ?)

ನೀಲಮ್ಮ ಅವಳ ಹೆಸರು. ಮಗನ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದವಳು. ಸೊಸೆ ಶಾಂತಾ ಬಾಣಂತನ ಮುಗಿಸಿಕೊಂಡು, ತವರುಮನೆ ಇಜೇರಿಯಿಂದ ಕೂಸನ್ನು ಎತ್ತಿಕೊಂಡು ಬಂದದ್ದು ಮೊನ್ನೆ ಮೊನ್ನೆ. ಸೊಸೆ ಬಸ್ಸಿನ ಮೆಟ್ಟಿಲ ಮೇಲಿದ್ದಾಗಲೇ ನಾನು ಕೈಚಾಚಿ ಕೂಸನ್ನು ಇಸಿದುಕೊಂಡೆ. ಅವಳು ಒಂದೇ ಸಲಕ್ಕೆ ನನ್ನ ಮೂಗುಬೊಟ್ಟು ಹಿಡಿದು ಎಳೆದಳು. ಕಣ್ಣಲ್ಲಿ ನೀರು ಬಂತು. ಅಷ್ಟು ಸುಖದ ನೋವನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಗಡಿಯಾರ ನೋಡುವವರಿಲ್ಲ. ಅವಳು ಎದ್ದರೆ ಬೆಳಗು, ಮಲಗಿದರೆ ರಾತ್ರಿ. ಅವಳು ಮಲಗಿದ ಹೊತ್ತಿಗೆ ಸರಿಯಾಗಿ ಬರುತ್ತದೆ ಜೀಪು. ಅದರ ನೆತ್ತಿಯ ಮೇಲೆ ಲೌಡ್‌ಸ್ಪೀಕರ್. ಛತ್ರಿಗೇ ನಿಮ್ಮ ಓಟು, ಛತ್ರಿಗೇ ನಿಮ್ಮ ಓಟು. ನಮ್ಮ ಬಾಗಿಲ ಮುಂದೆಯೇ ಯಾಕೆ ನಿಲ್ಲಬೇಕು? ಅಲ್ಲಿ ಬೇವಿನ ಗಿಡದ ನೆರಳಿದೆಯಂತೆ. ಡ್ರೈವರನಿಗೆ ನೆರಳು, ನನಗೆ ಕಿರುಚುವ ಕೂಸು. ಜೀಪು ಹೋಯಿತೆಂದು ತೂಗಿ ತೂಗಿ ಮಲಗಿಸಿದರೆ ಹಿಂದೆಯೇ ತಕ್ಕಡಿಯವರ ಟೆಂಪೋ. ಅದಕ್ಕೂ ಅದೇ ನೆರಳು ಬೇಕು.

ಇದು ಪಂಚಾಯ್ತಿ ಇಲೆಕ್ಷನ್ನು. ನಮ್ಮ ಓಣಿಗೆ ಒಂದೇ ಸೀಟು, ನಿಂತವರು ಇಬ್ಬರು. ಹೆಸರು ಬರೆಯುವುದಿಲ್ಲ, ಗುರುತಿನಿಂದಲೇ ಕರೆಯುತ್ತೇನೆ.

ಛತ್ರಿಯವರು ಹಿಂದೊಮ್ಮೆ ಗೆದ್ದವರು. ಆಗ ನಮ್ಮ ಓಣಿಗೆ ಒಂದು ನಳ ಮಂಜೂರಾಯಿತು. ನಳ ಬಂತು ಕೂಡ. ಎಲ್ಲಿಗೆ? ಅವರ ಕಂಪೌಂಡಿನ ಒಳಗೆ. ಹೊರಗೆ ಇಟ್ಟರೆ ಹುಡುಗರು ಮುರಿಯುತ್ತಾರೆ ಎಂದರು. ಅಂದಿನಿಂದ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಅವರ ಗೇಟಿನ ಮುಂದೆ ನಿಲ್ಲುತ್ತೇವೆ. ಅವರ ಮನೆಯಾಕೆ ಗೇಟು ತೆಗೆದರೆ ನೀರು. ಇಲ್ಲದಿದ್ದರೆ ಊರಾಚೆಯ ಬಾವಿ. ಒಂದು ಕೂಸಿನ ಬಟ್ಟೆ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ಯಾವ ಗಂಡಸಿಗಾದರೂ ಗೊತ್ತಿದೆಯೇ? ಬಾಣಂತನ ಮುಗಿದರೂ ಸೊಸೆಯ ಮೈ ಇನ್ನೂ ಗಟ್ಟಿಯಾಗಿಲ್ಲ, ಅವಳನ್ನು ಬಾವಿಗೆ ಕಳಿಸಲು ನನಗೆ ಮನಸ್ಸಿಲ್ಲ. ನನ್ನನ್ನು ಕಳಿಸಲು ನನ್ನ ಮೊಣಕಾಲಿಗೆ ಮನಸ್ಸಿಲ್ಲ.

ತಕ್ಕಡಿಯವನು ಹುಡುಗ, ಕಿರಾಣಿ ಅಂಗಡಿಯವನು. ಗೆದ್ದರೆ ನಳವನ್ನು ಓಣಿಯ ನಡುವೆ ತಂದು ನಿಲ್ಲಿಸುತ್ತೇನೆ ಎನ್ನುತ್ತಾನೆ. ಒಳ್ಳೆಯ ಮಾತು. ಆದರೆ ಅವನ ಅಂಗಡಿಯ ತಕ್ಕಡಿಯನ್ನು ನಾನು ಬಲ್ಲೆ. ಬೆಲ್ಲ ತೂಗುವಾಗ ಅವನ ಕಿರುಬೆರಳು ಎಲ್ಲಿರುತ್ತದೆ ಎಂಬುದನ್ನೂ ಬಲ್ಲೆ. ಅಂಥವನಿಗೆ ಹುಡುಕಿ ಹುಡುಕಿ ತಕ್ಕಡಿಯ ಗುರುತನ್ನೇ ಕೊಟ್ಟರಲ್ಲ, ಆ ಆಫೀಸರ್ ಸಾಹೇಬರಿಗೆ ಏನು ಹೇಳೋಣ?

ಯಾರಿಗೆ ಹಾಕುವುದು? ಹಾಕುವುದೋ, ಮನೆಯಲ್ಲೇ ಕೂಡುವುದೋ? ತೊಟ್ಟಿಲು ತೂಗುತ್ತಾ ಅದನ್ನೇ ಯೋಚಿಸುತ್ತಿದ್ದೆ. ಯೋಚಿಸಲು ಬಿಟ್ಟರೆ ತಾನೆ.

ಸೋಮವಾರ ಛತ್ರಿಯವರು ಮನೆಗೇ ಬಂದರು. ಓಟು ಕೇಳಲು ಅಲ್ಲವಂತೆ, ಕೂಸನ್ನು ನೋಡಲು. ತೊಟ್ಟಿಲಿಗೆ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಮೂಗು ಥೇಟ್ ನಿಮ್ದೇ ಅದ ನೋಡ್ರಿ ಅಣ್ಣಾ."

ಮುಗಿಯಿತು. ನಮ್ಮ ಮನೆಯವರು ಕರಗಿ ನೀರಾದರು. (ಮೂಗು ನನ್ನದು. ಇಡೀ ಓಣಿಗೆ ಗೊತ್ತು.)

ನಾನು ಒಳಗೆ ಚಹಾ ಸೋಸುತ್ತಿದ್ದೆ. ಪಡಸಾಲೆಯ ಮಾತು ಕಿವಿಗೆ ಬೀಳುತ್ತಿತ್ತು.

"ಹಂಗಾದ್ರ ಈ ಮನಿ ನಾಕೂ ಓಟು ನಂದೇ ಅಂತ ತಿಳ್ಕೊಳ್ಳೇನ್ರಿ?"

"ಅದನ್ನೇನ್ ಕೇಳ್ತೀಪಾ, ನಿಂದೇ."

"ಹಿಂಗ ಎಲ್ಲಾರೂ ಅಂತಾರ್ರಿ ಅಣ್ಣಾ. ಕೂಸಿನ ತಲಿ ಮುಟ್ಟಿ ಹೇಳ್ರಿ."

ನಾನು ಕಪ್ಪು ಹಿಡಿದು ಹೊರಗೆ ಬರುವಷ್ಟರಲ್ಲಿ ನಮ್ಮ ಮನೆಯವರ ಕೈ ನೀಲಮ್ಮನ ತಲೆಯ ಮೇಲಿತ್ತು. ಆಣೆ ಆಗಿಹೋಗಿತ್ತು. ಕೂಸು ಅಜ್ಜನ ಕೈಬೆರಳನ್ನು ನೋಡಿ ನಗುತ್ತಿತ್ತು.

"ಏನ್ ಮಾಡಿದ್ರಿ ಇದು?" ಎಂದೆ.

"ಸುಮ್ಕಿರು ಬೇ, ಮಂದಿ ಮುಂದ."

ನಮ್ಮ ಕಡೆ ಆಣೆ ಎಂದರೆ ಹುಡುಗಾಟವಲ್ಲ. ಹೊಲದ ಬದುವಿನ ಜಗಳ ಕೋರ್ಟಿನಲ್ಲಿ ಹರಿಯದಿದ್ದರೂ ಆಣೆಯಲ್ಲಿ ಹರಿಯುತ್ತದೆ. ತಪ್ಪಿ ನಡೆದರೆ ಯಾರ ತಲೆ ಮುಟ್ಟಿದ್ದೇವೋ ಅವರಿಗೆ ಕೇಡು ಎನ್ನುತ್ತಾರೆ. ನಾನು ಇದನ್ನೆಲ್ಲ ನಂಬುತ್ತೇನೆಯೇ? ನನ್ನ ತಲೆಯ ಮೇಲಾದರೆ ನಂಬುವುದಿಲ್ಲ. ಮೊಮ್ಮಗಳ ತಲೆಯ ಮೇಲಾದರೆ ನಂಬುತ್ತೇನೆ. ಮೂರನೇ ಇಯತ್ತೆ ಓದಿದವಳಿಗೆ ಇಷ್ಟು ಸಾಕು.

ಸಂಜೆ ಮಗ ಬಸವರಾಜ ಆಳಂದದಿಂದ ಬಂದ. ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನಾನು ಅಪ್ಪನ ಪ್ರತಾಪ ಹೇಳುತ್ತಾ ಹೋದಂತೆ ಅವನ ಮುಖ ಸಣ್ಣದಾಗುತ್ತಾ ಹೋಯಿತು. ಚಪ್ಪಲಿ ಬಿಡುವುದನ್ನೂ ಮರೆತು ಕಟ್ಟೆಯ ಮೇಲೆ ಕುಳಿತ.

"ಯವ್ವಾ, ನಾನೂ ಮಾಡೀನಲ್ಲ."

"ಏನ್ ಮಾಡೀ?"

"ಆಣಿ. ತಕ್ಕಡಿಗಿ."

ಮಗಳು ಹುಟ್ಟಿದಾಗಿನಿಂದ ಇವನಿಗೆ ಒಂದು ಚಟ ಹತ್ತಿದೆ. ಮಾತು ಮಾತಿಗೆ ಮಗಳ ಆಣೆ. ಮಗಳ ಆಣಿ, ಊಟ ಆಗ್ಯದ. ಮಗಳ ಆಣಿ, ಬಸ್ ತಪ್ಪಿತು. ಆಣೆ ಹಾಕಲು ಕೊನೆಗೂ ಒಬ್ಬ ಮಗಳು ಸಿಕ್ಕಳೆಂಬ ಖುಷಿ ಅವನಿಗೆ. (ಮೊದಲು ಎಲ್ಲದಕ್ಕೂ ನನ್ನ ಆಣೆ ಹಾಕುತ್ತಿದ್ದ. ಸದ್ಯ, ನನ್ನ ತಲೆಗೆ ವಿಶ್ರಾಂತಿ ಸಿಕ್ಕಿತು ಅಂದುಕೊಂಡಿದ್ದೆ.) ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ತಕ್ಕಡಿಯ ಗೆಳೆಯರು ಚಹಾ ಕುಡಿಸಿ, ನಿಮ್ಮ ಮನೆಯ ಓಟು ಯಾರಿಗಪ್ಪಾ ಎಂದಿದ್ದಾರೆ. ಇವನು ನಾಲ್ಕೂ ನಿಮಗೇ, ಮಗಳ ಆಣೆ ಎಂದು ಎದ್ದು ಬಂದಿದ್ದಾನೆ.

ಕೂಸು ಒಂದು. ಅದರ ತಲೆ ಒಂದು. ಆಣೆ ಎರಡು. ಯಾರಿಗೆ ಹಾಕಿದರೂ ಒಂದು ಆಣೆ ಮುರಿಯುತ್ತದೆ.

ಅಪ್ಪ ಮಗ ಇಬ್ಬರೂ ತಪ್ಪಾಯಿತು ಎಂದರೇ? ಇಲ್ಲ. ಯಾರ ಆಣೆ ದೊಡ್ಡದು ಎಂದು ವಾದಕ್ಕೆ ಕುಳಿತರು.

"ನಂದು ತಲಿ ಮುಟ್ಟಿ ಮಾಡಿದ ಆಣಿ. ನೀ ಹೋಟೆಲಿನ್ಯಾಗ ಕುಂತು ಮಾಡಿದ್ದು. ಅದಕ್ಕೇನ್ ತಾಕತ್ತು ಅದಲೇ?"

"ನಾ ಹೆತ್ತಪ್ಪ ಇದ್ದೀನಿ ಯಪ್ಪಾ. ಎಲ್ಲಿ ಕುಂತು ಮಾಡಿದ್ರೂ ಹತ್ತತದ."

ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಸೀನಿತು. ಇಬ್ಬರೂ ಹೌಹಾರಿ ಎದ್ದರು.

ಕೊನೆಗೆ ನಮ್ಮ ಮನೆಯವರು ದಾರಿ ಹುಡುಕಿದರು. "ಹಂಗಾದ್ರ ಯಾರೂ ಓಟಿಗೇ ಹೋಗೋದು ಬ್ಯಾಡ."

"ಹೋಗಲಿಲ್ಲಂದ್ರ ಇಬ್ಬರ ಆಣೀನೂ ಮುರೀತದ" ಎಂದ ಮಗ.

"ಹೌದಲ್ಲ." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. "ಹಂಗಾದ್ರ ಹೋಗೂಣು. ಛತ್ರಿಗೂ ಒಂದು ಶಿಕ್ಕಾ ಒತ್ತೋದು, ತಕ್ಕಡಿಗೂ ಒಂದು ಶಿಕ್ಕಾ ಒತ್ತೋದು. ಎರಡೂ ಆಣಿ ಉಳೀತಾವ."

"ಎರಡಕ್ಕ ಒತ್ತಿದ್ರ ಓಟು ಬಾದ್ ಆಗ್ತದ ಯಪ್ಪಾ."

"ಆಗ್ಲಿ. ಆಣಿ ಬಾದ್ ಆಗಂಗಿಲ್ಲಲ್ಲ?"

ಈ ಬುದ್ಧಿಗೆ ಏನು ಹೆಸರಿಡೋಣ? ನನ್ನ ಓಟು, ನನ್ನ ಸೊಸೆಯ ಓಟು, ಎರಡನ್ನೂ ತಿಪ್ಪೆಗೆ ಎಸೆಯುವ ತೀರ್ಮಾನ ನಮ್ಮ ಎದುರಿಗೇ ಆಗುತ್ತಿದೆ. ನಮ್ಮನ್ನು ಒಂದು ಮಾತು ಕೇಳಿದವರಿಲ್ಲ. ನಿಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಓಟು ಎಣಿಸುವಾಗ ಹೆಂಗಸರನ್ನು ಸೇರಿಸಿಯೇ ಎಣಿಸುತ್ತಾರೆ. ಕೇಳುವಾಗ ನಾವು ಅಡುಗೆಮನೆಯಲ್ಲಿರುತ್ತೇವೆ. ಪಕ್ಕದ ಊರಿನ ನನ್ನ ತಂಗಿ ಕೂಸನ್ನು ನೋಡಲು ಬಂದಾಗ ಹೇಳಿದಳು: ಅವಳ ಮನೆಯಲ್ಲಿ ಕೂಸಿಲ್ಲದ್ದಕ್ಕೆ ಓಟು ಕೇಳಲು ಬಂದವರು ಅವಳ ಗಂಡನ ಕೈಯಿಂದ ಹಾಲು ಕೊಡುವ ಎಮ್ಮೆಯ ಬೆನ್ನು ಮುಟ್ಟಿಸಿ ಆಣೆ ಮಾಡಿಸಿಕೊಂಡರಂತೆ. ಎಮ್ಮೆಯನ್ನಾದರೂ ಹತ್ತಿರ ಕರೆದರಲ್ಲ ಎಂದೆ. ತಂಗಿಯನ್ನು ಕರೆದಿರಲಿಲ್ಲ.

ನಾನು ಬಾಯಿ ತೆಗೆಯುವವಳಿದ್ದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಶಾಂತಾ ಬಂದು ನಿಂತಳು. ಮಾವನ ಎದುರು ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ ಆಕೆ.

"ಮಾವಾರ, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವಾ."

"ನೆರಿಮನಿಯವರ ಎತ್ತು ನಂದು ಅಂತ ಹೇಳಿ ಸಂತ್ಯಾಗ ಮಾರಿದ್ರ ಆ ಯಾಪಾರ ನಡೀತದೇನ್ರಿ?"

"ಅದ್ಹೆಂಗ ನಡೀತದ? ಎತ್ತಿನ ಧಣಿ ಹ್ಞೂಂ ಅನಬೇಕಲ್ಲ."

"ಮತ್ತ ಕೂಸಿನ ತಲಿ ಮ್ಯಾಲ ಆಣಿ ಮಾಡುವಾಗ ಹೆತ್ತಾಕಿಗಿ ಯಾರು ಕೇಳಿದ್ರಿ?"

ಮಗನಿಗೆ ಆಗ ಚಪ್ಪಲಿ ಬಿಡುವುದು ನೆನಪಾಯಿತು.

"ನಾ ಹ್ಞೂಂ ಅಂದಿಲ್ಲ. ಎರಡೂ ಆಣಿ ನಡೆಯಂಗಿಲ್ರಿ" ಎಂದಳು. ತಿರುಗಿ ಹೋಗುವವಳು ಮತ್ತೆ ನಿಂತಳು. "ನನ್ನ ಓಟೂ ಯಾರೂ ಕೇಳಿಲ್ಲ."

ನಮ್ಮ ಮನೆಯವರು ಎಲೆಯಡಿಕೆ ಚೀಲ ಹುಡುಕತೊಡಗಿದರು. ಅದು ಅವರ ತೊಡೆಯ ಮೇಲೆಯೇ ಇತ್ತು.

ಇಂಥ ಸೊಸೆಯನ್ನು ಕೊಟ್ಟ ಇಜೇರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ. ಆದರೂ ಅಜ್ಜಿಯ ಜೀವ ಕೇಳಬೇಕಲ್ಲ? ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನೀಲಮ್ಮನಿಗೆ ನಿವಾಳಿಸಿದೆ. ಬಂದವರ ಕಣ್ಣು, ಹೋದವರ ಕಣ್ಣು ಎನ್ನುವುದು ರೂಢಿ. ನಾನು ಛತ್ರಿಯ ಕಣ್ಣು, ತಕ್ಕಡಿಯ ಕಣ್ಣು ಎಂದೆ. ಒಲೆಗೆ ಹಾಕಿದರೆ ಚಟಚಟ ಎಂದಿತು, ಘಾಟು ಮಾತ್ರ ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಭಾರಿ ಇತ್ತು ಎಂದೇ ಲೆಕ್ಕ.

ಗುರುವಾರ ಜೀಪು ಮತ್ತೆ ನೆರಳಿಗೆ ಬಂತು. ಛತ್ರಿಯವರೇ ಇಳಿದರು. ಜೊತೆಗೆ ಅವರ ಮೊಮ್ಮಗ, ಗುಂಡುಗುಂಡಗಿನ ಕೂಸು, ಅಜ್ಜನ ತೋಳಿನಲ್ಲಿ ಕೂತು ಪೆಪ್ಪರಮಿಂಟು ಚೀಪುತ್ತಿತ್ತು.

"ವೈನಿ, ಮಾತು ನೆನಪದಲ್ರಿ?"

"ನೆನಪದ. ನೀವೂ ಒಂದು ಮಾತು ಕೊಡ್ರಿ. ನಳ ಕಂಪೌಂಡ್ ಬಿಟ್ಟು ಓಣ್ಯಾಗ ಬರ್ತದ ಅಂತ."

"ಬರ್ತದ ವೈನಿ. ಗೆದ್ದ ಮರುದಿನಾನೇ."

"ಹಿಂಗ ಎಲ್ಲಾರೂ ಅಂತಾರ್ರಿ. ಮೊಮ್ಮಗ ಕೈಯಾಗೇ ಇದ್ದಾನ. ತಲಿ ಮುಟ್ಟಿ ಹೇಳ್ರಿ."

ಅವರ ಕೈ ಅರ್ಧ ಮೇಲೆದ್ದಿತು. ಕೂಸಿನ ತಲೆಯ ಹತ್ತಿರ ಹೋಗಿ, ಅಲ್ಲಿಂದ ತಿರುಗಿ ತಮ್ಮದೇ ಟೊಪ್ಪಿಗೆಯನ್ನು ಸರಿಮಾಡಿಕೊಂಡಿತು.

"ಸಣ್ಣ ಕೂಸುಗಳ ವಿಷಯದಾಗ ಹಂಗೆಲ್ಲ ಮಾತಾಡಬಾರ್ದು ವೈನಿ. ದೇವರು ಮೆಚ್ಚಂಗಿಲ್ಲ."

ಜೀಪು ಹೋಯಿತು. ಅಂದಿನಿಂದ ಅದು ಬೇರೆ ನೆರಳು ಹುಡುಕಿಕೊಂಡಿದೆ.

ಇಷ್ಟಕ್ಕೇ ಬಿಟ್ಟರೆ ನಾನು ತಕ್ಕಡಿಯ ಕಡೆಯವಳು ಎಂದು ಓಣಿ ಹೇಳುತ್ತದೆ. ಸಂಜೆ ಅವನ ಅಂಗಡಿಗೂ ಹೋದೆ. ಬೆಲ್ಲ ಕೇಳಿದೆ. ಕಿರುಬೆರಳು ನೋಡಿದೆ. ಆಮೇಲೆ ನಳ ಕೇಳಿದೆ.

"ಓಣಿ ನಟ್ಟನಡುವ ಹಾಕಸ್ತೇನಿ ದೊಡ್ಡವ್ವಾ."

"ನಿನಗಿನ್ನೂ ಲಗ್ನ ಆಗಿಲ್ಲ, ಮಕ್ಕಳಿಲ್ಲ. ನಿಮ್ಮವ್ವನ ತಲಿ ಮುಟ್ಟಿ ಹೇಳು ನೋಡೂಣು."

ಹುಡುಗ ನಕ್ಕ. ನಾನು ನಗಲಿಲ್ಲ. ಅವನು ನಗು ನಿಲ್ಲಿಸಿದ.

"ದೊಡ್ಡವ್ವಾ, ನಮ್ಮವ್ವಗ ಮೊದಲೇ ಬಿ.ಪಿ. ಅದ."

ಒಳಗೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅವನ ತಾಯಿ ಅಲ್ಲಿಂದಲೇ ಹೇಳಿದಳು: "ನಾ ಮುಟ್ಟಿಸ್ಕೊಳ್ಳಂಗಿಲ್ಲವ್ವಾ. ಅವನ್ನ ಹೆತ್ತೇನಿ, ನನಗ ಗೊತ್ತದ."

ಭಾನುವಾರ ಓಟು. ನಾನೂ ಶಾಂತಾಳೂ ಹೋಗುತ್ತೇವೆ, ಕೂಸನ್ನೂ ಎತ್ತಿಕೊಂಡು. ಗಂಡಸರು ಬೇಕಿದ್ದರೆ ಎರಡಕ್ಕೂ ಶಿಕ್ಕಾ ಒತ್ತಲಿ, ಮಡಚಿ ಕಿಸೆಯಲ್ಲೇ ಇಟ್ಟುಕೊಳ್ಳಲಿ, ಅದು ಅವರ ಓಟು. ನಮ್ಮದು ಯಾರಿಗೆ ಎಂದು ಕೇಳಬೇಡಿ. ಈ ಪೇಪರನ್ನು ನಮ್ಮ ಮನೆಯವರೂ ಓದುತ್ತಾರೆ. ಶಾಂತಾ ಯಾರಿಗೆ ಹಾಕುತ್ತಾಳೋ ನನಗೂ ಗೊತ್ತಿಲ್ಲ. ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ನಿಂತವರಿಬ್ಬರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇಬ್ಬರೂ ಆಣೆಗೆ ಹೆದರುವವರು. ಹೆದರದಿದ್ದರೆ ಒಂದು ಸುಳ್ಳು ಆಣೆ ಮಾಡಿ ಓಟು ಗಿಟ್ಟಿಸಿಕೊಂಡು ಹೋಗುತ್ತಿದ್ದರು. ತಮ್ಮ ಮಾತು ಎಷ್ಟು ದಿನ ನಿಲ್ಲುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿದೆ, ಅಷ್ಟೇ.

ಗೆದ್ದವರು ಪಂಚಾಯ್ತಿಯಲ್ಲಿ ನಿಂತು ಪ್ರಮಾಣ ವಚನ ತೆಗೆದುಕೊಳ್ಳುತ್ತಾರೆಂದು ಮಗ ಹೇಳಿದ. ಯಾರ ತಲೆಯ ಮೇಲೆ ಕೈ ಇಟ್ಟು?