ಅಮ್ಮನ ಮರದ ಹಸೆಮಣೆ

ಮೊನ್ನೆ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಹಲಸಿನ ಮರದ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗಳ ಓದುವ ಮೇಜಿಗೆ ಹಲಗೆ ಮಾಡಿಸಲು ಹೋಗಿದ್ದೆ. ಕಂಪ್ಯೂಟರ್ ಹೇಳಿದಂತೆ ಓಡಾಡಿ ಮರ ಕೀಸುವ ಮೆಷಿನ್ ಅಲ್ಲಿತ್ತು. ಅದನ್ನು ನಡೆಸುವ ಹುಡುಗ ನನ್ನ ಹಲಗೆಯನ್ನು ಪಕ್ಕಕ್ಕಿಟ್ಟು, ಮೊದಲು ಹಲಗೆ ಕೂರಿಸುವ ಮೆಷಿನ್ನಿನ ಹಾಸನ್ನೇ ಕೀಸತೊಡಗಿದ. ಕೆಳಗಿನದು ಸಮ ಇಲ್ಲದಿದ್ದರೆ ಮೇಲಿನದೂ ಸಮ ಬರುವುದಿಲ್ಲವಂತೆ. ಆಮೇಲೆ ಹಲಗೆ ಇಟ್ಟು, ಅಲ್ಲಾಡುವ ಮೂಲೆಯ ಕೆಳಗೆ ತೆಳು ಚಕ್ಕೆ ಕೊಟ್ಟ. ನನಗೆ ನಗು ಬಂತು... ಇದನ್ನೆಲ್ಲ ಮೆಷಿನ್ ಇಲ್ಲದ ಕಾಲದಲ್ಲೇ ನೋಡಿದ್ದೆ.

ಚಿಕ್ಕಂದಿನಲ್ಲಿ ಮಾಲೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮ ಪಕ್ಕದ ಮನೆಯ ಬಡಗಿಯನ್ನು ನಾನು ಆಚಾರಿ ಮಾವ ಎನ್ನುತ್ತಿದ್ದೆ. ಅವರದು ಜನರ ಜೊತೆ ಕನ್ನಡ, ಮರದ ಜೊತೆ ತೆಲುಗು. ಬೈಯುವುದಿದ್ದರೂ ಮರವನ್ನೇ. ಯಾವ ಕೆಲಸ ಬಂದರೂ ಮೊದಲು ಹತ್ತರಿ ಹಿಡಿದು, ತಾವು ಕೆಲಸ ಮಾಡುವ ಮೇಜನ್ನೇ ಕೀಸುತ್ತಾ ನಿಲ್ಲುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರ ಹೆಂಡತಿ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದರು. ನೆಲ ಡೊಂಕಾಗಿಯೇ ಇದೆಯಲ್ಲ, ಅದಕ್ಕೇ ಸರಿ ಮಾಡುತ್ತಿದ್ದೇನೆ ಎಂದು ಮಾವ ಕೀಸುವುದನ್ನು ಮುಂದುವರಿಸುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮದುವೆ ಗೊತ್ತಾಯಿತು. ಲಕ್ಕೂರಿನ ಹೊಲದ ಬದುವಿನಲ್ಲಿ ಅಮ್ಮ ನೆಟ್ಟಿದ್ದ ಹಲಸಿನ ಮರ ಅದೇ ವರ್ಷ ಗಾಳಿಗೆ ಬಿದ್ದಿತ್ತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ನಾನು ಧಾರೆಗೆ ಕೂರುವ ಮಣೆ ಆ ಮರದ್ದೇ ಆಗಬೇಕೆಂದು ಹಟ ಹಿಡಿದೆ. ಹಸೆಯ ಹತ್ತಿರ ಅಮ್ಮ ಇರುವುದಿಲ್ಲ, ಅವಳ ಮರವಾದರೂ ಇರಲಿ ಅನ್ನಿಸಿತ್ತು. ಆದರೆ ಕುಯ್ಯಿಸಿದ ಹಲಗೆ ಒಣಗುತ್ತಾ ಒಣಗುತ್ತಾ ಹಪ್ಪಳದ ಹಾಗೆ ಸೊಟ್ಟಗಾಯಿತು. ಅಲ್ಲಾಡುವ ಮಣೆಯ ಮೇಲೆ ಕೂತವಳ ಸಂಸಾರವೂ ಅಲ್ಲಾಡುತ್ತದೆ, ಕೋಲಾರದಿಂದ ಬೇರೆ ತರಿಸಿ ಎಂದು ಸೋದರತ್ತೆ ಪಟ್ಟು ಹಿಡಿದು ಕೂತಳು.

ಗುಂಡುಕಲ್ಲು ಹೇರಿ, ಅದುಮಿ ಕೀಸಿಬಿಡಿ ಎಂದರು ಅಪ್ಪ. ಅದುಮಿದಾಗ ಸಮ ಕಾಣುತ್ತದೆ, ಕಲ್ಲು ತೆಗೆದರೆ ಮತ್ತೆ ಏಳುತ್ತದೆ ಎಂದು ಮಾವ ಒಪ್ಪಲಿಲ್ಲ. ಮೂಲೆಗೆ ಚಕ್ಕೆ ಕೊಟ್ಟು, ಹಲಗೆಯನ್ನು ಅದರ ಪಾಡಿಗೆ ಕೂರಿಸಿ, ಉಬ್ಬಿದ ಕಡೆ ಮಾತ್ರ ಕೀಸಿದರು. ಹೊರಳಿಸಿ ಮತ್ತೆ ಕೀಸಿದರು. ಮಣೆ ನೆಲಕ್ಕೆ ಅಂಟಿದಂತೆ ಕೂತಿತು. ಸೋದರತ್ತೆಯೂ ಒಮ್ಮೆ ಅಲ್ಲಾಡಿಸಿ ನೋಡಿ ಒಪ್ಪಿಕೊಂಡಳು.

ಮದುವೆಯ ಹಿಂದಿನ ದಿನ ಹೆಂಗಸರೆಲ್ಲ ಸೇರಿ, ಶಾಸ್ತ್ರ ಬಿಡಬಾರದೆಂದು ಅದೇ ಮಣೆಗೆ ಕೊಡಗಟ್ಟಲೆ ನೀರು ಸುರಿದು ತೊಳೆದರು! ಮೇಲೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಹಸೆ ಬರೆದರು. ಬೆಳಿಗ್ಗೆ ನೋಡಿದರೆ ನೀರು ಕುಡಿದ ಮರ ಒಂದು ಮೂಲೆಯನ್ನು ಎತ್ತಿಕೊಂಡು ಕೂತಿತ್ತು. ಬರೆದ ಹಸೆಯ ಮೇಲೆ ಹತ್ತರಿ ಆಡಿಸುವಂತಿಲ್ಲ. ಮುಹೂರ್ತ ಹತ್ತಿರ ಬಂದಿತ್ತು. ಸೋದರತ್ತೆ ಬೇರೆ ಮಣೆಗೆ ಜನ ಅಟ್ಟಿದಳು. ನನಗೆ ಅಳು ತಡೆಯಲಾಗಲಿಲ್ಲ.

ಮಾವ ಯಾರನ್ನೂ ಬೈಯಲಿಲ್ಲ. ಮರವನ್ನೂ ಬೈಯಲಿಲ್ಲ. ಚಪ್ಪರದೊಳಗೆ ಬಂದು ಮೂಲೆಯ ಕೆಳಗೆ ಚಕ್ಕೆ ಇಟ್ಟು, ಕೂರಲು ಹೇಳಿದರು. ನಾನು ಕೂತ ಕೂಡಲೇ ಚಾಪೆಯ ಮೇಲೆ ಚಕ್ಕೆ ಜಾರಿಹೋಯಿತು. ಆದರೂ ಮಣೆ ಅಲ್ಲಾಡಲಿಲ್ಲ. ತಿರುಗಿ ನೋಡಿದರೆ, ಮಾವ ನನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಎಡಗೈಯನ್ನು ಮಣೆಯ ಅಡಿಗೆ ಕೊಟ್ಟಿದ್ದರು.

"ಕೈ ತೆಗೀರಿ ಮಾವ, ನೋಯುತ್ತೆ" ಎಂದೆ ಮೆಲ್ಲಗೆ.

"ಮರ ನಾನು ನೋಡ್ಕೊತೀನಿ ಅಮ್ಮಣ್ಣಿ. ನೀನು ತಾಳಿ ಕಡೆ ನೋಡು."

ಧಾರೆ ಮುಗಿದು, ಕೊರಳಿಗೆ ತಾಳಿ ಬಿದ್ದು, ನಾನು ಏಳುವವರೆಗೂ ಅವರು ಕೈ ತೆಗೆಯಲಿಲ್ಲ. ಆಮೇಲೆ ಕೆಂಪಗೆ ಬಾತಿದ್ದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಪಂಕ್ತಿಯಲ್ಲಿ ಕೂತು ಒಬ್ಬಟ್ಟು ಹಾಕಿಸಿಕೊಂಡರು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಬೀದಿಯಲ್ಲಿ ಈಗ ಅವರ ಮನೆಯೂ ಇಲ್ಲ... ಮೊನ್ನೆ ಮೆಷಿನ್ ನಿಂತ ಮೇಲೆ ಆ ಹುಡುಗ, ಆಂಟಿ, ಒಂದ್ಸಲ ಕೈ ಆಡಿಸಿ ನೋಡಿ ಎಂದ. ನೋಡಿದೆ, ಚೆನ್ನಾಗಿಯೇ ಇತ್ತು. ಮದುವೆಯ ದಿನ ಆ ಮಣೆಯ ಮೇಲೆ ಕೂತಿದ್ದಷ್ಟು ಹೊತ್ತೂ ನನಗೆ ಅಮ್ಮ ಇಲ್ಲ ಅನ್ನುವುದು ನೆನಪಾಗಿರಲಿಲ್ಲ. ಮಾವ ಇಲ್ಲ ಅನ್ನುವುದು, ಆ ಶೆಡ್ಡಿನಲ್ಲಿ ನಿಂತಿದ್ದಷ್ಟು ಹೊತ್ತೂ ನೆನಪಾಗುತ್ತಲೇ ಇತ್ತು.