ಇದ್ದಲು ಹಾಕಿದ ಹಾಲು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಲು ಶುರು ಮಾಡಿದರೆ, ಅವತ್ತು ಜ್ವರ ಇತ್ತೇ, ಊಟ ಯಾವಾಗ ಮಾಡಿದ್ದಿರಿ ಎಂದೆಲ್ಲ ಕೇಳಿ ಅವರ ಉತ್ಸಾಹ ಕೆಡಿಸುತ್ತಿದ್ದೆ. ಈಗ ನಂಬುತ್ತೇನೆಂದೂ ಹೇಳಲಾರೆ. ಓದುಗರಿಗೆ ಮೊದಲೇ ತಿಳಿಸಿಬಿಡುತ್ತೇನೆ: ದೆವ್ವಕ್ಕಿಂತ ನನಗೆ ಅನುಮಾನ ಹೆಚ್ಚಿರುವುದು ನೆನಪಿನ ಮೇಲೆ. ಹೇಳಿದಷ್ಟು ಸಲವೂ ಅದು ಒಪ್ಪವಾಗುತ್ತ ಹೋಗುತ್ತದೆ. ಇದನ್ನು ನಾನು ಹೆಚ್ಚು ಜನಕ್ಕೆ ಹೇಳಿಲ್ಲ, ಆದ್ದರಿಂದ ಇನ್ನೂ ಸ್ವಲ್ಪ ಒರಟಾಗಿಯೇ ಉಳಿದಿರಬಹುದು. ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಸುತ್ತಿನ ಹಳ್ಳಿಗಳಲ್ಲಿ ಹೊಲಗಳು ಕಾರ್ಖಾನೆಗಳಿಗೆ ಹೋಗಿದ್ದವು; ಹಸುಗಳು ಮಾತ್ರ ಉಳಿದಿದ್ದವು, ಮನೆಯ ಹಿಂದಿನ ಇಕ್ಕಟ್ಟಾದ ಕೊಟ್ಟಿಗೆಗಳಲ್ಲಿ, ಗಟ್ಟಿ ಸಿಮೆಂಟಿನ ಮೇಲೆ, ಮೊಳದುದ್ದದ ಹಗ್ಗದಲ್ಲಿ. ನಾನು ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕನಾಗಿದ್ದೆ. ಹಸುಗಳನ್ನು ಹೇಗೆ ಇಟ್ಟುಕೊಂಡಿದ್ದಾರೆ, ಕೆಚ್ಚಲು ಬಾವು ಬಂದರೆ ಯಾವ ಆಂಟಿಬಯೋಟಿಕ್ ಎಷ್ಟು ದಿನ ಕೊಡುತ್ತಾರೆ, ಆ ದಿನಗಳ ಹಾಲನ್ನು ಏನು ಮಾಡುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ನನ್ನ ಕೆಲಸ. ಉತ್ತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ದನದ ಆಸ್ಪತ್ರೆಯ ಕಾಂಪೌಂಡರ್ ಬಂದು ಒಂದು ಸೂಜಿ ಹಾಕುತ್ತಾನೆ, ಊತ ಇಳಿದರೆ ಎರಡನೆಯದು ಹಾಕಿಸುವುದಿಲ್ಲ, ಹಾಲು ಅವತ್ತೇ ಕಾರ್ಖಾನೆಯ ಕ್ವಾರ್ಟರ್ಸಿನ ಮನೆಗಳಿಗೆ ಹೋಗುತ್ತದೆ.

ಪ್ರತಿ ಹಸುವಿನ ಹಾಲನ್ನೂ ಎರಡು ಸೀಸೆಗಳಲ್ಲಿ ತರುತ್ತಿದ್ದೆ. ಒಂದು ಲ್ಯಾಬಿಗೆ, ಅದರಲ್ಲಿ ಯಾವ ರೋಗಾಣು ಇದೆ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುತ್ತಿದ್ದರು. ಇನ್ನೊಂದಕ್ಕೆ ನಾನೇ ಹೆಪ್ಪು ಹಾಕಿಡುತ್ತಿದ್ದೆ. ಬೆಳಿಗ್ಗೆ ಮೊಸರಾಗದಿದ್ದರೆ ಹಾಲಿನಲ್ಲಿ ಔಷಧಿ ಉಳಿದಿದೆ ಎಂದು ಅರ್ಥ. ರೋಗಾಣುವನ್ನು ಕೊಲ್ಲುವ ಔಷಧಿ ಹೆಪ್ಪನ್ನೂ ಕೊಲ್ಲುತ್ತದೆ. ಅಷ್ಟು ಸರಳವಾದ ಪರೀಕ್ಷೆ.

ಚಿಕ್ಕಬಾಣಾವರದ ದಾರಿಯ ಒಂದು ಹಳ್ಳಿಯಲ್ಲಿ ಗೌರಮ್ಮ ಮತ್ತು ಅವರ ಗಂಡ ಮುನಿರಾಜು ಇದ್ದರು. ಮುನಿರಾಜು ಕಾರ್ಖಾನೆಯ ಕೆಲಸಗಾರ. ಅವರಿಗಿದ್ದದ್ದು ಒಂದೇ ಹಸು, ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕರಿ ಸೀಮೆಹಸು. ಚುಕ್ಕಿ ಎಂದು ಕರೆಯುತ್ತಿದ್ದರು. ಸಿಮೆಂಟಿನ ಮೇಲೆ ಮಲಗಿ ಅದರ ಮೊಣಕಾಲು ಕೆತ್ತಿಹೋಗಿತ್ತು. ಹಾಸಲು ಏನಾದರೂ ಹಾಕಿ, ಹಗ್ಗ ಉದ್ದ ಬಿಡಿ ಎಂದು ಹಿಂದೊಮ್ಮೆ ಹೇಳಿದ್ದೆ. ಮುನಿರಾಜು ಗುಜರಿಗೆ ಹಾಕಿದ್ದ ಕನ್ವೇಯರ್ ಬೆಲ್ಟಿನ ತುಂಡೊಂದನ್ನು ತಂದು ಹಾಸಿದ್ದರು. "ಫ್ಯಾಕ್ಟ್ರೀಲಿ ನಮಗೇ ಇಲ್ಲ ಸಾರ್ ಈ ಯೋಗ. ನಾವು ಎಂಟು ಗಂಟೆ ನೆಲದ್ ಮೇಲೇ ನಿಂತ್ಕೊಳೋದು" ಎಂದು ನಗುತ್ತಿದ್ದರು.

ಆ ಸೋಮವಾರ ಸಂಜೆ ನಾನು ಹೋದಾಗ ಚುಕ್ಕಿಯ ಎಡ ಹಿಂಗೆಚ್ಚಲು ಊದಿ ಬಿಸಿಯಾಗಿತ್ತು. ಹಿಂದೆಯೂ ಎರಡು ಸಲ ಹೀಗಾಗಿತ್ತು; ಎರಡು ಸಲವೂ ಒಂದೊಂದು ಸೂಜಿಗೆ ನಿಲ್ಲಿಸಿದ್ದರು. ಗೌರಮ್ಮ ಕಾಂಪೌಂಡರನ್ನು ಕರೆಸುವುದರಲ್ಲಿದ್ದರು. ಎರಡು ದಿನ ತಡೆಯಿರಿ, ಯಾವ ಔಷಧಿ ಎಂದು ಲ್ಯಾಬು ಹೇಳಲಿ, ಅಲ್ಲಿಯವರೆಗೆ ಗಂಟೆಗೊಮ್ಮೆ ಹಾಲು ಹಿಂಡಿ ತೆಗೆದು ಬಿಸಿನೀರಿನ ಶಾಖ ಕೊಡಿ ಎಂದೆ. ಹೀಗೆ ಸಲಹೆ ಕೊಡಿ ಎಂದು ಯಾರೂ ನನಗೆ ಹೇಳಿರಲಿಲ್ಲ. ಕೇಳಿ ಬರೆದುಕೊಳ್ಳಿ, ವೈದ್ಯ ಮಾಡಬೇಡಿ ಎಂದೇ ನಮ್ಮ ಮೇಲಿನವರ ಅಪ್ಪಣೆಯಿತ್ತು.

ಸೀಸೆಗಳನ್ನು ಚೀಲಕ್ಕೆ ಹಾಕುವಾಗ ಗೌರಮ್ಮ ಒಲೆಯಿಂದ ಒಂದು ಚೂರು ಇದ್ದಲು ತಂದರು. "ದೀಪ ಹಚ್ಚೋ ಹೊತ್ನಾಗೆ ಆಲು ಬರೀದಾಗಿ ಮನೆ ಬಿಟ್ಟು ಓಗ್ಬಾರ್ದು ಸಾರ್."

"ಪರೀಕ್ಷೆ ಕೆಟ್ಟುಹೋಗತ್ತಮ್ಮ."

"ನಿಮ್ ಪರೀಕ್ಷೆಗೆ ಒಂದ್ ಸೀಸೆ, ನನ್ ಸಮಾಧಾನಕ್ಕೆ ಒಂದ್ ಸೀಸೆ. ಎಳ್ಡು ತಕಂಡೋಯ್ತಿದ್ದೀರಲ್ಲ?"

ಮುನಿರಾಜು ನಕ್ಕರು. ಹೆಪ್ಪಿನ ಸೀಸೆಗೆ ಇದ್ದಲು ಹಾಕಿಸಿಕೊಂಡು ಹೊರಟೆ.

ಬುಧವಾರ ಮಧ್ಯಾಹ್ನ ಲ್ಯಾಬಿನ ಕಾಗದ ಸಿಕ್ಕಿತು. ಕಾಂಪೌಂಡರ್ ಹಾಕುವ ಔಷಧಿ ಆ ರೋಗಾಣುವಿಗೆ ಏನೂ ಮಾಡುವುದಿಲ್ಲ ಎಂದು ಅದರಲ್ಲಿತ್ತು. ಬೇರೊಂದರ ಹೆಸರು ಬರೆದಿದ್ದರು. ಮಡಿಸಿ ಜೇಬಿಗೆ ಹಾಕಿಕೊಂಡು, ದಾಸರಹಳ್ಳಿಯಲ್ಲಿ ಬಸ್ಸಿಳಿದು ಸೈಕಲ್ ಬಾಡಿಗೆ ಹಿಡಿದು ಹೋದೆ. ತಲುಪುವಾಗ ಶಿಫ್ಟು ಬಿಡುವ ಸೈರನ್ ಕೇಳಿದ ನೆನಪಿದೆ. ಅಂದರೆ ಇನ್ನೂ ಬೆಳಕಿತ್ತು.

ಮುಂಬಾಗಿಲು ಹಾಕಿತ್ತು. ಬೀಗ ಇತ್ತೇ ಎಂದು ನೋಡಲಿಲ್ಲ. ಎಂದಿನಂತೆ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದೆ. ಚುಕ್ಕಿ ಬೆಲ್ಟಿನ ಮೇಲೆ ನಿಂತಿತ್ತು. ತಿರುಗಿ ನೋಡಿ ನನ್ನ ಮಣಿಕಟ್ಟು ನೆಕ್ಕಿತು. ಆ ನಾಲಿಗೆ ಗಡಿಯಾರದ ಪಟ್ಟಿಗೆ ಸಿಕ್ಕಿ ಎಳೆದದ್ದು ಇಷ್ಟು ವರ್ಷಗಳಾದರೂ ಚರ್ಮಕ್ಕೆ ನೆನಪಿದೆ. ಕೆಚ್ಚಲು ಮುಟ್ಟಿದೆ. ಊತ ಪೂರ್ತಿ ಇಳಿದಿತ್ತು. ಮೊದಲ ಹಾಲನ್ನು ಅಂಗೈಗೆ ಹಿಂಡಿ ನೋಡಿದೆ; ಗಂಟಿಲ್ಲ, ನೀರಾಗಿಲ್ಲ. ಸೂಜಿಯಿಲ್ಲದೆ ವಾಸಿಯಾಗಿದೆ ಎಂದು ಎಷ್ಟು ಹಿಗ್ಗಿದೆನೆಂದರೆ, ಎರಡು ಸೀಸೆ ಹಾಲು ಕರೆದುಕೊಂಡು, ಗೌರಮ್ಮನ ಮಾತು ನೆನಪಾಗಿ, ನಾನೇ ಹಂಡೆಯ ಒಲೆಯಿಂದ ಒಂದು ಚೂರು ಇದ್ದಲು ಆಯ್ದು ಹೆಪ್ಪಿನ ಸೀಸೆಗೆ ಹಾಕಿದೆ. ಒಲೆ ತಣ್ಣಗಿತ್ತು. ಆ ಹೊತ್ತಿನಲ್ಲಿ ಆ ಮನೆಯ ಒಲೆ ಯಾಕೆ ತಣ್ಣಗಿದೆ ಎಂದು ಅವತ್ತು ನನಗೆ ಅನ್ನಿಸಲಿಲ್ಲ.

ಮಾರನೇ ಬೆಳಿಗ್ಗೆ ಸೀಸೆಯಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು, ತಳದಲ್ಲಿ ಇದ್ದಲು. ಶುಕ್ರವಾರ ಲ್ಯಾಬು ಇನ್ನೊಂದು ಸೀಸೆಯಲ್ಲಿ ಯಾವ ರೋಗಾಣುವೂ ಇಲ್ಲವೆಂದಿತು. ಗೌರಮ್ಮನಿಗೆ ತೋರಿಸಬೇಕೆಂದು ಮೊಸರಿನ ಸೀಸೆಯನ್ನೂ ಚೀಲದಲ್ಲಿಟ್ಟುಕೊಂಡು ಹೋದೆ.

ಕೊಟ್ಟಿಗೆ ಖಾಲಿಯಿತ್ತು. ಬೆಲ್ಟನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. "ಚುಕ್ಕಿ ಎಲ್ಲಮ್ಮ?" ಎಂದೆ.

ಗೌರಮ್ಮ ಕೆರೆಯ ಕಡೆ ಕೈ ತೋರಿಸಿದರು. "ನೀವು ಬಂದೋದ್ರಲ್ಲ, ಮಂಗಳವಾರ ಬೆಳಗಿನ ಜಾವಕ್ಕೇ ಓಗ್ಬಿಡ್ತು ಸಾರ್. ಕೆರೆ ಅಂಗಳದಾಗೆ ಊಳಿದ್ವಿ."

ಬುಧವಾರ ನಾನು ಬಂದಿದ್ದೆ ಎಂದೆ. ಬುಧವಾರ ಮನೆಯಲ್ಲಿ ಯಾರೂ ಇರಲಿಲ್ಲ ಎಂದರು. ಖಾಲಿ ಕೊಟ್ಟಿಗೆ ನೋಡಿಕೊಂಡು ಕೂರಲಾರದೆ ಮಂಗಳವಾರವೇ ಬೆಲ್ಟು ಸುತ್ತಿಟ್ಟು, ಬೀಗ ಹಾಕಿಕೊಂಡು ತಾಯಿಯ ಮನೆಗೆ ಹೋಗಿದ್ದರಂತೆ. ಬಂದದ್ದು ಗುರುವಾರ.

ಅಷ್ಟರಲ್ಲಿ ಮುನಿರಾಜು ಹೊರಗೆ ಬಂದರು. ಅವತ್ತು ಅವರು ನಗಲಿಲ್ಲ, ಬೈಯಲೂ ಇಲ್ಲ. "ಸೂಜಿ ಆಕ್ಸಿದ್ರೆ ಉಳ್ಕೋತಿತ್ತಾ ಸಾರ್?" ಎಂದು ಕೇಳಿದರು.

ಉತ್ತರ ನನ್ನ ಜೇಬಿನಲ್ಲಿತ್ತು. ಆ ಸೂಜಿಯಿಂದ ಉಳಿಯುತ್ತಿರಲಿಲ್ಲ. ಆದರೆ ರೋಗಾಣು ಆ ಸೂಜಿಗೆ ಬಗ್ಗದಂತಾಗಲು ಬಹುಶಃ ನೀವು ಹಿಂದೆ ಅರ್ಧಕ್ಕೆ ನಿಲ್ಲಿಸಿದ ಸೂಜಿಗಳೇ ಕಾರಣ ಎಂಬುದೂ ಆ ಉತ್ತರದ ಭಾಗವೇ. ಬೇರೆ ಔಷಧಿಯಿಂದ ಉಳಿಯುತ್ತಿತ್ತೇ ಎಂದು ಕೇಳಿದರೆ ನನಗೆ ಗೊತ್ತಿರಲಿಲ್ಲ. ಸತ್ತ ಹಸುವಿನ ಕೊಟ್ಟಿಗೆಯಲ್ಲಿ ನಿಂತು ಇದನ್ನು ಹೇಳಿದರೆ ತಪ್ಪಿಸಿಕೊಳ್ಳುವವನ ಮಾತಿನ ಹಾಗೆ ಕೇಳುತ್ತಿತ್ತು. "ಹೇಳಕ್ಕಾಗಲ್ಲ" ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಗೌರಮ್ಮನಿಗೆ ಚೀಲದಿಂದ ಸೀಸೆ ತೆಗೆದು ತೋರಿಸಿ ನಡೆದದ್ದನ್ನು ಹೇಳಿದೆ. ಅವರು ಹೆದರಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ಇದ್ದಲು ನೋಡಿದರು. "ಇದು ನಮ್ಮನೇದೇಯ. ಇಲ್ಲೇ ಬುಟ್ಟೋಗಿ ಸಾರ್" ಎಂದರು. ಪರೀಕ್ಷೆಯ ಸೀಸೆಯನ್ನು ಯಾರಿಗೂ ಕೊಡುವ ಹಾಗಿರಲಿಲ್ಲ. ಕೊಟ್ಟೆ. ಹಾಗಾಗಿ ಈಗ ಪರೀಕ್ಷಿಸಲು ನನ್ನ ಹತ್ತಿರ ಏನೂ ಇಲ್ಲ.

ಬೇರೆ ಮನೆಯ ಹಿತ್ತಲಿಗೆ ಹೊಕ್ಕಿದ್ದಿರಬೇಕು ಎಂದು ಅವತ್ತೇ ಆ ಸಾಲಿನ ಕೊಟ್ಟಿಗೆಗಳನ್ನೆಲ್ಲ ನೋಡಿದೆ. ಬೆಲ್ಟು ಹಾಸಿದ್ದ ಕೊಟ್ಟಿಗೆ ಇನ್ನೊಂದಿರಲಿಲ್ಲ. ಹಣೆಯಲ್ಲಿ ಬೊಟ್ಟಿದ್ದ ಕರಿ ಹಸುವೂ ಇರಲಿಲ್ಲ. ದಿನ ತಪ್ಪಿದೆ ಎನ್ನೋಣವೆಂದರೆ ಲ್ಯಾಬಿನವರ ಪುಸ್ತಕದಲ್ಲಿ ಸೀಸೆ ಬಂದ ದಿನ ಬುಧವಾರವೆಂದೇ ಇತ್ತು, ಅವರ ಕೈಬರಹದಲ್ಲಿ. ವರದಿ ಬರೆಯುವಾಗ ಆ ಸೀಸೆಯ ಸಂಖ್ಯೆಯನ್ನು ಬಿಟ್ಟುಬಿಟ್ಟೆ. ನಲವತ್ತೇಳರ ನಂತರ ನಲವತ್ತೊಂಬತ್ತು. ಯಾರೂ ಕೇಳಲಿಲ್ಲ.

ವರ್ಷದ ನಂತರ, ಆ ಕೆಲಸ ಬಿಡುವ ಮೊದಲು, ಲ್ಯಾಬಿನ ಆ ಬುಧವಾರದ ಕಾಗದ ತೋರಿಸಿಯೇ ಬಿಡಬೇಕೆಂದು ಮತ್ತೆ ಹೋದೆ. ಮುನಿರಾಜು ಡ್ಯೂಟಿಗೆ ಹೋಗಿದ್ದರು. ಅದೇ ಬೆಲ್ಟಿನ ಮೇಲೆ ಹೊಸ ಹಸು ನಿಂತಿತ್ತು. ಗೌರಮ್ಮ ಮಜ್ಜಿಗೆ ಕೊಟ್ಟರು.

"ನಮ್ಮೋರು ಈಗ ಯಾರ್ ಮಾತೂ ಕೇಳಾಕಿಲ್ಲ ಸಾರ್. ಕೆಚ್ಲು ಸ್ವಲ್ಪ ಬಿಸಿಯಾದ್ರೂ ಸೂಜೀನೇ" ಎಂದರು. ಆಮೇಲೆ ಲೋಟದ ಕಡೆ ಕಣ್ಣು ತೋರಿಸಿದರು. "ಅದೇ ಎಪ್ಪು. ನೀವು ಕೊಟ್ಟೋದ್ರಲ್ಲ, ಅದ್ರದೇ. ಒಂದಿನಾನೂ ತಪ್ಸಿಲ್ಲ. ಸೂಜಿ ಆಕಿದ್ ಆಲಿಗೆ ಮಾತ್ರ ಕೂರಾಕಿಲ್ಲ. ಚುಕ್ಕಿ ಬ್ಯಾಡ ಅಂತಾಳೆ. ಆವತ್ತು ನಾನು ಕ್ವಾರ್ಟ್ರಸ್‌ಗೂ ಆಲು ಕೊಡಾಕಿಲ್ಲ, ಚೆಲ್ಬುಡ್ತೀನಿ."

ಆ ಹಾಲು ಯಾಕೆ ಹೆಪ್ಪಾಗುವುದಿಲ್ಲ ಎಂದು ನಾನು ವಿವರಿಸಬಲ್ಲೆ. ಆ ಹೆಪ್ಪು ಯಾವ ಹಸುವಿನ ಹಾಲಿನಿಂದ ಬಂತು ಎಂದು ವಿವರಿಸಲಾರೆ.

ಮಜ್ಜಿಗೆ ಕುಡಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು. ಕಾಗದವನ್ನು ಜೇಬಿನಿಂದ ತೆಗೆದು ಗೌರಮ್ಮನ ಕೈಗಿಟ್ಟು, ಯಾರಿಂದಲಾದರೂ ಓದಿಸಿ ಮುನಿರಾಜುಗೆ ಹೇಳಿ ಎಂದ ಹಾಗೆ ನನಗೊಂದು ಸ್ಪಷ್ಟವಾದ ನೆನಪಿದೆ. ಅವರು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡದ್ದೂ ಕಾಣುತ್ತದೆ. ಆದರೆ ಆ ಕಾಗದ ಈಗ ಇದನ್ನು ಬರೆಯುತ್ತಿರುವ ಮೇಜಿನ ಖಾನೆಯಲ್ಲಿದೆ.