ಲ್ಯಾಪ್‌ಟಾಪಿಗೆ ಕಿವಿಗೊಟ್ಟ ಯಜಮಾನರು

ಅವರ ಅಂಗಡಿಯಿಂದ ವಾಪಸು ಬಂದ ಯಂತ್ರ ಯಾವುದಾದರೂ ಸರಿ, ಅದರ ಮೇಲೆ ಒಂದು ಚೂರು ವಿಭೂತಿ ಅಂಟಿರುತ್ತಿತ್ತು. ಪೂಜೆ ಮಾಡಿ ಕೊಡುತ್ತಾರೆ ಎಂದು ತುಮಕೂರಿನ ಉಪ್ಪಾರಹಳ್ಳಿಯ ಅರ್ಧ ಜನ ನಂಬಿದ್ದರು. ಅಸಲು ಸಂಗತಿ ಬೇರೆ. ಲ್ಯಾಪ್‌ಟಾಪ್ ಮುಂದಿಟ್ಟರೆ ಅವರು ಕನ್ನಡಕ ತೆಗೆದು, ತಲೆ ಅಡ್ಡ ಮಾಡಿ, ಬಲಗಿವಿಯನ್ನು ಕೀಬೋರ್ಡಿನ ಮೇಲೊತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಣೆಯ ಮೂರು ಗೆರೆ ಕಣತಲೆಯವರೆಗೂ ಹಬ್ಬಿದ್ದರಿಂದ ಅದರ ತುದಿ ಅಲ್ಲಿ ಉಳಿದುಬಿಡುತ್ತಿತ್ತು. ದೊಡ್ಡ ಕಿವಿ ಅದು. ಅಂಚಿಗೆ ಬಿಳಿ ಕೂದಲು, ಹಾಲೆಯ ಮೇಲೆ ಯಾವ ಕಾಲದಲ್ಲೋ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಲೆ.

ಅವರ ಹೆಸರು ಬೋರ್ಡಿನ ಮೇಲಿತ್ತು, ಆದರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ರಿಪೇರಿ ಯಜಮಾನರು ಅಂದರೆ ಸಾಕಿತ್ತು. ಗುಬ್ಬಿಯವರು. ಮೊದಲು ರೇಡಿಯೋ, ಆಮೇಲೆ ಟೀವಿ, ಟೀವಿಗಳು ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಕಂಪ್ಯೂಟರು. ಬೆಳಿಗ್ಗೆ ಬಸ್ಸಿಗೆ ತುಮಕೂರಿಗೆ ಬಂದು, ಹೆಂಡತಿ ಕಟ್ಟಿಕೊಟ್ಟ ಬುತ್ತಿ ಉಂಡು, ಸಂಜೆ ಬಸ್ಸಿಗೆ ಮನೆಗೆ ಹೋಗುವವರು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, "ಏನಾಯ್ತು ಅಂತ ಆಮೇಲೆ ಹೇಳಿ. ಅದಕ್ಕೆ ಮುಂಚೆ ಏನ್ ಮಾಡಿದ್ರಿ ಅದನ್ನ ಹೇಳಿ" ಅನ್ನುತ್ತಿದ್ದರು. ಮಕ್ಕಳ ಸ್ಲೇಟೊಂದನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಬದಲಾವಣೆ ಮಾಡಿದರೆ ಒಂದು ಗೆರೆ ಬರೆದು, ಅದರ ಫಲ ನೋಡುವವರೆಗೆ ಎರಡನೆಯದನ್ನು ಮುಟ್ಟುತ್ತಿರಲಿಲ್ಲ. ಅವಸರದ ಗಿರಾಕಿಗಳು ಬೈದುಕೊಳ್ಳುತ್ತಲೇ ಕೂರುತ್ತಿದ್ದರು.

ಅವರದು ಇನ್ನೊಂದು ಪದ್ಧತಿಯಿತ್ತು. ಗಿರಾಕಿ ಪಾಸ್‌ವರ್ಡ್ ಹಾಕುವಾಗ ಪೂರ್ತಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಗಿರಾಕಿಯ ಫೋಟೋ, ಕಾಗದಪತ್ರ ಯಾವುದನ್ನೂ ತೆರೆಯುತ್ತಿರಲಿಲ್ಲ. ಬಿಲ್ಲಿನಲ್ಲೂ ಹೆಸರಿಲ್ಲ, "ಕಪ್ಪು ಲ್ಯಾಪ್‌ಟಾಪ್, ಗುರುವಾರ" ಅಷ್ಟೇ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಗೊತ್ತಿಲ್ದೇ ಇರೋದು ಬಾಯಿ ತಪ್ಪಿ ಬರಲ್ಲ ಕಣವ್ವ" ಅಂದಿದ್ದರು. ಇದು ಮುದುಕರ ಸೋಗು ಎಂದು ಆಗ ನನಗನ್ನಿಸಿತ್ತು.

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತೇನೆ. ಅಂಥವಳಿಗೆ ಸಿಕ್ಕ ಕೆಲಸವೋ, ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳ ಸಲಹಾ ಕೇಂದ್ರದಲ್ಲಿ. ಅವರು ಹೇಳಿದ್ದನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಯಾರು, ಎಲ್ಲಿ ಗಾಯ, ಈಗ ಯಾರ ಮನೆಯಲ್ಲಿ ಅಡಗಿದ್ದಾರೆ, ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲಿ. ಆ ದಿನಗಳಲ್ಲಿ ಅದರಲ್ಲಿದ್ದ ಒಂದು ವಿಳಾಸ ಕುಣಿಗಲ್ಲಿನದು. ಸಿ.ಎಸ್. ಪುರದ ಕಡೆಯ ಒಬ್ಬ ಹೆಣ್ಣುಮಗಳು ಅಲ್ಲಿ ತನ್ನ ಅಕ್ಕನ ಬಾಡಿಗೆ ಮನೆಯಲ್ಲಿದ್ದಳು. ಅಕ್ಕ ಅಲ್ಲಿಗೆ ಬಂದು ತಿಂಗಳಾಗಿತ್ತಷ್ಟೆ, ಆ ಮನೆ ಎಲ್ಲಿದೆ ಎಂದು ಬಂಧುಗಳಿಗೂ ಗೊತ್ತಿರಲಿಲ್ಲ. ಗಂಡ ಅವಳ ಎಡಗೈಯನ್ನು ಎರಡು ಸಲ ಮುರಿದಿದ್ದ. ಮೂರನೆಯ ಸಲ ಕೈ ಮುರಿಯುವುದಿಲ್ಲ, ಮುಗಿಸಿಯೇ ಬಿಡುತ್ತೇನೆ ಎಂದು ಅವಳ ತಾಯಿಯ ಮುಂದೆ ಹೇಳಿ ಹೋಗಿದ್ದ.

ಒಂದು ದಿನ ಮಧ್ಯಾಹ್ನ ಫೋನ್ ಬಂತು. "ಮೇಡಂ, ಹೆಡ್ ಆಫೀಸಿನ ಕಂಪ್ಯೂಟರ್ ಸೆಕ್ಷನ್ನಿಂದ. ನಿಮ್ಮ ಸಿಸ್ಟಮ್ ಅಪ್‌ಡೇಟ್ ಮಾಡ್ಬೇಕು" ಎಂದಿತು ಒಂದು ನಯವಾದ ದನಿ. ಹೇಳಿದ್ದನ್ನು ಒತ್ತಿದೆ. ಅವನೇ ಒಳಗೆ ಬಂದು ಬಾಣದ ಗುರುತು ಆಡಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಹತ್ತು ನಿಮಿಷದಲ್ಲಿ "ಆಯ್ತು ಮೇಡಂ" ಎಂದು ಇಟ್ಟ. ಮಾರನೆಯ ದಿನ ಊಟ ಮುಗಿಸಿ ಬಂದು ಮುಚ್ಚಳ ತೆಗೆದೆ. ಸ್ಲೀಪಿನಿಂದ ಎದ್ದ ಲ್ಯಾಪ್‌ಟಾಪ್ ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಕೈಯಿಟ್ಟರೆ ಸುಡುತ್ತಿತ್ತು. ಒಂದು ಅಕ್ಷರ ಮೂಡಲು ಒಂದು ನಿಮಿಷ. ಅಂದಿನಿಂದ ಮಲಗಿಸಿ ಎಬ್ಬಿಸಿದಾಗಲೆಲ್ಲ ಅದೇ ಕೂಗು.

ಹೆಡ್ ಆಫೀಸಿಗೆ ಫೋನ್ ಮಾಡಿ, ಬೇರೇನೋ ಕೇಳುವವಳ ಹಾಗೆ ವಿಚಾರಿಸಿದೆ. ಅಂಥ ಫೋನ್ ಯಾರೂ ಮಾಡಿಲ್ಲ ಎಂದರು. ಯಾರೋ ಒಳಗೆ ಕೂತಿದ್ದಾನೆ, ಓದುತ್ತಿದ್ದಾನೆ, ಅದಕ್ಕೇ ಇದು ಕೂಗುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಮೇಲಿನವರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಹೇಳಿದರೆ ಓದಿದವಳಾಗಿ ಹೀಗಾ ಅನ್ನುತ್ತಾರೆ. ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆ ಐದು ದಿನಕ್ಕೆ ಇವತ್ತಿಗೂ ನನಗೆ ಕ್ಷಮೆಯಿಲ್ಲ. ಆರನೆಯ ದಿನ ಬೆಳಿಗ್ಗೆ ಕೇಂದ್ರದ ಗೇಟಿನೆದುರು ಆ ಗಂಡ ಬೈಕಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ನಕ್ಕ. "ಎಷ್ಟ್ ದಿನ ಅಂತ ಬಚ್ಚಿಡ್ತೀರ ಬುಡಿ ಮೇಡಂ" ಅಂದ. ನಾನು ಒಳಗೂ ಹೋಗದೆ, ಬ್ಯಾಗು ಅವುಚಿಕೊಂಡು ಆಟೋ ಹತ್ತಿ ಯಜಮಾನರ ಅಂಗಡಿಗೆ ಬಂದೆ.

ಫೋನಿನ ವಿಷಯ ಅವರಿಗೂ ಹೇಳಲಿಲ್ಲ. "ಮಲಗಿ ಎದ್ದ ಮೇಲೆ ಕೂಗುತ್ತೆ" ಅಂದೆ ಅಷ್ಟೇ. ಅವರು ಮಲಗಿಸಿದರು, ಎಬ್ಬಿಸಿದರು, ಕಿವಿಯಿಟ್ಟರು. ಯಾವ ಕೆಲಸ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದರು. ಮೇಲ್ಗಡೆಯೇ ಒಂದು ಸಾಲು ತೊಂಬತ್ತು ದಾಟಿ ಕುಣಿಯುತ್ತಿತ್ತು.

"ನಿಮ್ಮಾಫೀಸ್ ಪ್ರಿಂಟರ್ ಎಲ್ಲೈತೆ?"

"ಕೆಟ್ಟಿತ್ತು. ಹೋದ ವಾರ ತಗೊಂಡು ಹೋದ್ರು."

"ನೋಡಿ, ಅದುನ್ನೇ ಹುಡುಕ್ತಾ ಐತೆ. ಎದ್ದ ತಕ್ಷಣ ಎಲ್ಲಿ ಎಲ್ಲಿ ಅಂತ ಮನೆಯೆಲ್ಲಾ ಓಡಾಡ್ತೈತೆ ಪಾಪ." ಆ ಪ್ರಿಂಟರಿನ ಸಾಫ್ಟ್‌ವೇರ್ ತೆಗೆದರು, ಸ್ಲೇಟಿನ ಮೇಲೆ ಒಂದು ಗೆರೆ ಬರೆದರು, ಮತ್ತೆ ಮಲಗಿಸಿ ಎಬ್ಬಿಸಿದರು. ಯಂತ್ರ ಉಸಿರೆತ್ತಲಿಲ್ಲ.

ಕೂಗಿದ್ದು ಪ್ರಿಂಟರಾದರೆ, ಅವನೆಲ್ಲಿ?

ಯಜಮಾನರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. "ಸದ್ದು ನಿಂತ್ರೆ ಎಲ್ರೂ ನಗ್ತಾರೆ. ನೀವ್ಯಾಕವ್ವ ಬಿಳುಚ್ಕೊಂಡ್ರಿ? ಅದುಕ್ಕೆ ಮುಂಚೆ ಏನ್ ಮಾಡಿದ್ರಿ, ಹೇಳಿ."

ಆಗ ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಆ ಹೆಣ್ಣುಮಗಳ ಹೆಸರು ನನ್ನ ನಾಲಿಗೆಯ ತುದಿಗೆ ಬಂದಾಗ ಅವರು ಸ್ಲೇಟನ್ನು ಮೇಜಿನ ಮೇಲೆ ಟಪ್ಪೆಂದು ಬಡಿದರು.

"ಹೆಸರು ಹೇಳ್ಬ್ಯಾಡಿ. ಊರೂ ಹೇಳ್ಬ್ಯಾಡಿ."

ಮತ್ತೆ ಅದೇ ಪಟ್ಟಿ ತೆಗೆದು, ಈ ಸಲ ಬುಡದಿಂದ ಮೇಲಕ್ಕೆ ನೋಡುತ್ತ ಬಂದರು. ಸೊನ್ನೆ, ಸೊನ್ನೆ, ಸೊನ್ನೆ. ಅಂಥ ಸೊನ್ನೆಗಳ ನಡುವೆ ಒಂದರ ಮೇಲೆ ಅವರ ಬೆರಳು ನಿಂತಿತು. ದೂರದಿಂದಲೇ ನನ್ನ ಪರದೆ ನೋಡಲು, ಕಡತ ತೆಗೆಯಲು ಬರುವಂಥದ್ದು. ಏನೂ ತಿನ್ನದೆ, ಸದ್ದಿಲ್ಲದೆ ಕೂತಿತ್ತು. ಯಾವಾಗ ಯಾವಾಗ ಬಂದು ಹೋದ ಎಂದು ಅದೇ ಬರೆದಿಟ್ಟುಕೊಂಡಿತ್ತು. ಮೂರು ಸಲ. ಕೊನೆಯದು ಹಿಂದಿನ ದಿನ.

"ಅಳಿಸಿಬಿಡಿ ಯಜಮಾನ್ರೇ" ಅಂದೆ.

"ಕಳ್ಳನ ಹೆಜ್ಜೆ ನಾವೇ ಗುಡಿಸ್ಬುಟ್ರೆ ಪೊಲೀಸ್ನೋರಿಗೆ ಏನ್ ತೋರಿಸ್ತೀರಿ?" ಎಂದು ನೆಟ್ ಮಾತ್ರ ಕಿತ್ತುಹಾಕಿದರು. "ಮಿಷನ್ ಎಲ್ಲೂ ಓಡೋಗಲ್ಲ. ಆ ಹೆಣ್ಮಗೂನ ಅಲ್ಲಿಂದ ಎಬ್ಬಿಸಿ ಮೊದ್ಲು. ಈಗ್ಲೇ."

ಎಲ್ಲಿಗೆ ಎಬ್ಬಿಸಲಿ? ಆಶ್ರಯಧಾಮಕ್ಕೆ ಕಳಿಸಬೇಕಾದರೆ ಮೇಲಿನವರ ಸಹಿ ಬೇಕು. ಸಹಿ ಕೇಳಿದರೆ ಕಾರಣ ಹೇಳಬೇಕು. ನಾನು ಲೆಕ್ಕಾಚಾರ ಹಾಕುತ್ತಾ ನಿಂತೆ. ನನ್ನ ಮುಖದ ಮೇಲೆ ಅದು ಬರೆದಿತ್ತೇನೋ, ಯಜಮಾನರು ಒಮ್ಮೆ ನಿಟ್ಟುಸಿರುಬಿಟ್ಟು, "ನಿಮ್ಮ ಮರ್ಯಾದೆ ನಾಳೆ ನೋಡನ ಬನ್ನಿ" ಎಂದು ತಮ್ಮ ಫೋನ್ ತೆಗೆದು ಹೆಂಡತಿಗೆ ಮಾಡಿದರು. "ಒಂದ್ ಹೆಣ್ಮಗು ಕರ್ಕೊಂಡ್ ಬರ್ತಿದೀನಿ. ನಾಕು ದಿನ ಇರ್ತದೆ. ಏನೂ ಕೇಳ್ಬ್ಯಾಡ, ಊಟಕ್ಕಿಕ್ಕು."

ನಾನು ಅವಳಿಗೆ ಫೋನ್ ಮಾಡಿ, ತಕ್ಷಣ ಬಸ್ಸು ಹತ್ತಿ ಬರಲು ಹೇಳಿದೆ. ಕುಣಿಗಲ್ ಬಸ್ಸು ಬರುವವರೆಗೆ ತುಮಕೂರಿನ ಬಸ್ ನಿಲ್ದಾಣದಲ್ಲಿ ನಾನು ಸತ್ತು ಸತ್ತು ಹುಟ್ಟಿದೆ. ಹೊರಗೆ ಕೇಳಿಸಿದ ಬೈಕುಗಳೆಲ್ಲ ಅವನದೇ ಬೈಕು, ಕೆಮ್ಮಿದವರೆಲ್ಲ ಅವನೇ. ಅವಳು ಇಳಿದಾಗ ಸೆರಗು ಮುಖದ ಮೇಲೆ ಎಳೆದುಕೊಂಡಿದ್ದಳು. ಯಜಮಾನರು ಬಂದವರೇ ಸೆರಗು ಸರಿಮಾಡಿಕೊಳ್ಳಲು ಹೇಳಿ, ಒಂದು ಹಳೆಯ ಮಾನಿಟರಿನ ಡಬ್ಬವನ್ನು ಅವಳ ಕೈಗಿಟ್ಟರು. "ಮುಖ ಮುಚ್ಕೊಂಡ್ರೆ ಎಲ್ರೂ ನೋಡ್ತಾರೆ ತಾಯಿ. ಡಬ್ಬ ಹೊತ್ಕೊಂಡ್ರೆ ಡಬ್ಬ ನೋಡ್ತಾರೆ." ಡಬ್ಬ ಖಾಲಿಯಿತ್ತು. ಆದರೂ ಅವಳು ಅದನ್ನು ತುಂಬಿದ ಡಬ್ಬದಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಅವರ ಹಿಂದೆ ಗುಬ್ಬಿ ಬಸ್ಸು ಹತ್ತಿದಳು.

ಮೂರನೆಯ ದಿನ ಗಂಡ ಇಬ್ಬರನ್ನು ಕಟ್ಟಿಕೊಂಡು ಕುಣಿಗಲ್ಲಿನ ಮನೆಗೆ ನುಗ್ಗಿದ. ಸೀದಾ ಅದೇ ಬಾಗಿಲಿಗೆ ಬಂದನಂತೆ. ಅಟ್ಟ, ಬಚ್ಚಲು, ಅಕ್ಕಿ ಡ್ರಮ್ಮಿನ ಹಿಂದೆ ಎಲ್ಲ ಹುಡುಕಿದನಂತೆ. ಕೈಯಲ್ಲಿ ಮಚ್ಚಿತ್ತು ಎಂದು ಅವಳ ಅಕ್ಕ ಫೋನಿನಲ್ಲಿ ಹೇಳಿದಳು.

ಅವತ್ತೇ ಮೇಲಿನವರ ಮುಂದೆ ನಿಂತು ನನ್ನ ತಪ್ಪು ಒಪ್ಪಿಕೊಂಡೆ. ಕೆಲಸ ಹೋಗಲಿಲ್ಲ, ಮೆಮೋ ಬಂತು. ಲ್ಯಾಪ್‌ಟಾಪ್ ಪೊಲೀಸರ ಕೈ ಸೇರಿತು. ಫೋನ್ ಮಾಡಿದವನು ಗಂಡನ ಸ್ನೇಹಿತನೇ ಎಂದು ಅವರು ಪತ್ತೆ ಮಾಡಿದರು. ಆದರೆ ಇಬ್ಬರನ್ನೂ ಹಿಡಿಯುವಷ್ಟರಲ್ಲಿ ಇನ್ನೂ ಒಂದು ವಾರ ಕಳೆಯಿತು. ಆ ವಾರದಲ್ಲಿ ಗಂಡ ಯಜಮಾನರ ಅಂಗಡಿಗೂ ಹೋಗಿದ್ದ. ನಾನು ಅಲ್ಲಿಗೆ ಓಡಾಡುತ್ತಿದ್ದುದನ್ನು ನೋಡಿದ್ದನೋ ಏನೋ. ಕೊರಳಪಟ್ಟಿ ಹಿಡಿದು, ಅವಳನ್ನು ಎಲ್ಲಿಟ್ಟಿದ್ದಾರೆ ಹೇಳು ಎಂದು ಅವಳ ಹೆಸರು ಕೂಗಿ ಕೇಳಿದನಂತೆ.

"ಆ ಹೆಸರು ಇವತ್ತೇ ಕೇಳಿದ್ದು ಕಣಪ್ಪ ಅಂದೆ. ನಿಜಾನೇ ಅಲ್ವಾ?" ಎಂದು ಯಜಮಾನರು ನನಗೆ ಹೇಳುತ್ತ ನಕ್ಕರು. ನಗುತ್ತಲೇ ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ಅರ್ಧ ಟೀ ಲೋಟದ ಹೊರಗೆ ಬಿತ್ತು.

"ಹೆದರಿಕೆ ಆಗ್ಲಿಲ್ವಾ ಯಜಮಾನ್ರೇ?"

"ಆಗ್ದೆ ಇರ್ತದಾ? ಅವ್ನು ಹೋದ್ಮೇಲೆ ಒಂದ್ ಗಂಟೆ ಸ್ಕ್ರೂ ಹಾಕಕ್ಕೂ ಕೈ ಬರ್ಲಿಲ್ಲ." ಚೆಲ್ಲಿದ ಟೀಯನ್ನು ಬಟ್ಟೆಯಿಂದ ಒರೆಸಿದರು. ಅಂಥ ಧೈರ್ಯಸ್ಥರೂ ಹೆದರುತ್ತಾರೆಂದು ತಿಳಿದು ನನಗೆ ಒಳಗೊಳಗೇ ಎಷ್ಟು ಸಮಾಧಾನವಾಯಿತೆಂದರೆ ಹೇಳಲು ನಾಚಿಕೆ.

ನಾಲ್ಕು ದಿನಕ್ಕೆಂದು ಹೋದವಳು ಗುಬ್ಬಿಯ ಆ ಮನೆಯಲ್ಲಿ ಎರಡು ತಿಂಗಳಿದ್ದಳು. ಯಜಮಾನರ ಬಾಯಲ್ಲಿ ಅವಳು ಕೊನೆಯವರೆಗೂ ತಾಯಿ. ಅವರ ಹೆಂಡತಿಯ ಬಾಯಲ್ಲಿ, ಆ ಕಡೆಯ ರೂಢಿಯಂತೆ, ಮಗ. ಗಂಡ ಕೂಗಿದ್ದನ್ನು ಕೇಳಿಯೂ ಕೇಳದವರಂತೆ, ಅವಳಾಗಿ ಹೆಸರು ಹೇಳಲು ಹೋದಾಗಲೂ ಅವರು ಕಿವಿ ಮುಚ್ಚಿಕೊಂಡರಂತೆ. "ಕೇಸ್ ಮುಗೀಲಿ. ಆಮೇಲೆ ಊರೆಲ್ಲಾ ಕೇಳೋ ಹಂಗೆ ಹೇಳಿವಂತೆ." ಆಮೇಲೆ ಅವಳು ತುಮಕೂರಿನಲ್ಲೇ ಒಂದು ಗಾರ್ಮೆಂಟ್ಸಿಗೆ ಸೇರಿ ಸ್ವಂತ ಕೋಣೆ ಮಾಡಿದಳು. ಹೆದರಿಕೆ ಮಾತ್ರ ಪೂರ್ತಿ ಬಿಡಲಿಲ್ಲ. ಕೋರ್ಟಿನ ತಾರೀಖುಗಳು ಮುಂದೆ ಮುಂದೆ ಹೋಗುತ್ತಲೇ ಇದ್ದವು.

ತೀರ್ಪು ಬಂದು ಗಂಡ ಜೈಲಿಗೆ ಹೋದದ್ದು ಒಂದು ಸೋಮವಾರ. ಶನಿವಾರ ಸಿಹಿ ತೆಗೆದುಕೊಂಡು ಇಬ್ಬರೂ ಗುಬ್ಬಿಗೆ ಹೋಗುವುದೆಂದು ಮಾತಾಡಿಕೊಂಡಿದ್ದೆವು. ಗುರುವಾರ ಬೆಳಿಗ್ಗೆ ಯಜಮಾನರು ಬಸ್ಸಿಗೆ ಹೊರಟವರು ಬಾಗಿಲ ಹೊಸ್ತಿಲಲ್ಲೇ ಕುಸಿದರು. ಆಸ್ಪತ್ರೆ ತಲುಪಲಿಲ್ಲ.

ನಾವು ಹೋದಾಗ ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ. ಕನ್ನಡಕ ತೆಗೆದಿದ್ದರು. ಕಣ್ಣು ಮುಚ್ಚಿ, ತಲೆ ಸ್ವಲ್ಪ ಒಂದು ಕಡೆಗೆ ವಾಲಿತ್ತು. ಕಿವಿಯಿಟ್ಟು ಏನನ್ನೋ ಕೇಳುವಾಗ ಹೇಗಿರುತ್ತಿದ್ದರೋ ಹಾಗೇ ಇದ್ದರು. ನಾನು ಕಂಬದ ಬಳಿಯೇ ನಿಂತೆ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದಳು. ಯಾರೋ ಒಬ್ಬ ಹೆಂಗಸು, "ಯಾರವ್ವ ನೀನು, ಯಾರ ಮನೆಯೋಳು?" ಎಂದು ಕೇಳಿದರು. ಅವಳು ಯಜಮಾನರ ಪಕ್ಕ ಮೊಣಕಾಲೂರಿ ಕೂತು, ಆ ದೊಡ್ಡ ಬಲಗಿವಿಗೆ ಬಾಯಿಟ್ಟು, ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಊರನ್ನೂ ಹೇಳಿದಳು. ಗುಟ್ಟಾಗಿ ಹೇಳಲಿಲ್ಲ. ಜಗಲಿಯ ಮೇಲಿದ್ದವರಿಗೆಲ್ಲ ಕೇಳಿಸಿತು.

ಆಮೇಲೆ ಅವಳು ತಲೆಯೆತ್ತಿದಳು. ಕೆನ್ನೆಗೆ ವಿಭೂತಿ ಅಂಟಿತ್ತು. ಅದನ್ನು ಒರೆಸಿಕೊಳ್ಳದೆ ಹಾಗೇ ಕೂತಿದ್ದಳು.